ಒಂದು ಅಗುಳಿನ ಸಾಕ್ಷ್ಯ

‘ಸ್ಥಾಲೀಪುಲಾಕ ನ್ಯಾಯ’ವು ನಮ್ಮ ಶಾಸ್ತ್ರಕಾರರಿಗೆ ಪ್ರಿಯವಾದ ಲೌಕಿಕ ನ್ಯಾಯಗಳಲ್ಲೊಂದು. ಸ್ಥಾಲಿಯೆಂದರೆ ಅಡುಗೆಯ ಪಾತ್ರೆ. ಪುಲಾಕವೆಂದರೆ ಅನ್ನದ ಅಗುಳು. ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದೇ ಇದರ ತಾತ್ಪರ್ಯ. ಇಂದು ‘ಮಾದರಿ ಪರೀಕ್ಷೆ’ಯೆಂದು ಕರೆಯುವ ಕ್ರಮಕ್ಕೂ ಇದೇ ಮೂಲತತ್ತ್ವ. ವೈದ್ಯನು ತುಸು ರಕ್ತವನ್ನು ಪರೀಕ್ಷಿಸಿ ದೇಹಸ್ಥಿತಿಯನ್ನು ಅರಿಯುತ್ತಾನೆ. ಪಿ. ಸಿ. ಮಹಲನೋಬಿಸ್ ಅವರ ಪ್ರೇರಣೆಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಆಯ್ದ ಮನೆಗಳನ್ನು ವಿಚಾರಿಸಿ ದೇಶದ ಜನಜೀವನವನ್ನು ಅಳೆಯತೊಡಗಿತು.

ಅಗುಳಿನ ಸಾಕ್ಷ್ಯವು ನಂಬಲರ್ಹವಾಗುವುದು ಹೇಗೆ? ಅಕ್ಕಿ ಒಂದೇ, ನೀರು ಒಂದೇ, ಉರಿಯೂ ಒಂದೇ ಆಗಿರುವುದರಿಂದ. ಹೊಲದ ಮಣ್ಣಿನಲ್ಲಿ ಈ ಸಮಾನತೆಯಿಲ್ಲ. ಆದುದರಿಂದಲೇ ಮಣ್ಣು ಪರೀಕ್ಷೆಗೆ ಗೊಬ್ಬರದ ಗುಂಡಿಯ ಬಳಿ, ಮರದ ನೆರಳಿನಲ್ಲಿ, ಬದುವಿನ ಅಂಚಿನಲ್ಲಿ ಮಣ್ಣು ತೆಗೆಯಲಾಗದು. ಹೊಲದ ಹಲವೆಡೆ ಅಗೆದು, ಬೆರೆಸಿ, ಕೊನೆಗೆ ಅರ್ಧ ಕಿಲೋದಷ್ಟನ್ನು ಕಳುಹಿಸಬೇಕು.

ವಚನವಾಙ್ಮಯವು ಅನ್ನದ ಪಾತ್ರೆಯಂತೆಯೋ, ಹೊಲದಂತೆಯೋ? ಲಗ್ಗೆರೆಯ ನಮ್ಮ ಮನೆಗೆ ಪಾಠಕ್ಕೆ ಬಂದ ವಿದ್ಯಾರ್ಥಿಯೊಬ್ಬನು, “ಐದು ವಚನ ಓದಿದ್ದೇನೆ, ವಚನಗಳು ತಿಳಿದವು” ಎಂದಾಗ ನನಗೆ ನಾಚಿಕೆಯಾಯಿತು. ಪಠ್ಯದ ಐದಾರು ವಚನಗಳನ್ನು ಕಲಿಸಿ, ಶರಣರೆಂದರೆ ಇಷ್ಟೇ ಎಂಬ ಭಾವನೆಯನ್ನು ಮಕ್ಕಳಲ್ಲಿ ಬೆಳೆಸಿದವರಲ್ಲಿ ನಾನೂ ಒಬ್ಬನು. ಬಸವಣ್ಣನವರ ವಚನಗಳೇ ಸುಮಾರು 1,400; 1993ರಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15, ಅವುಗಳಲ್ಲಿನ ವಚನಗಳು 20,000ಕ್ಕೂ ಹೆಚ್ಚು. ಭಕ್ತಿ, ಕಾಯಕ, ಷಟ್‌ಸ್ಥಲ, ಬೆಡಗು—ಒಂದೊಂದರ ಮಣ್ಣೂ ಬೇರೆ. ಪಠ್ಯಕ್ಕೆ ಆರಿಸುವವರೋ ಸುಲಭವಾದುದನ್ನೂ ನೀತಿಬೋಧಕವಾದುದನ್ನೂ ಆರಿಸುತ್ತಾರೆ. ಅಂಥ ಮಾದರಿಯು ವಚನಕಾರನಿಗಿಂತ ಆರಿಸಿದವನ ಅಭಿರುಚಿಗೇ ಹೆಚ್ಚು ಸಾಕ್ಷಿ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಸೂಳೆ ಸಂಕವ್ವೆಯದಾಗಿ ನಮಗೆ ದೊರೆತಿರುವುದು ಒಂದೇ ವಚನ. ಅಲ್ಲಿ ಪಾತ್ರೆಯೇ ಬರಿದಾಗಿ ಅಗುಳೊಂದೇ ಉಳಿದಿದೆ. ಅದರಿಂದ ಆ ಶರಣೆಯ ನಿಷ್ಠೆಯನ್ನು ಕಾಣಬಹುದು. ಆಕೆಯ ಚಿಂತನೆಯ ಮೇರೆಯನ್ನು ಗೊತ್ತುಪಡಿಸಲಾಗದು. ಕಾಲವು ಆರಿಸಿ ಉಳಿಸಿದ್ದೂ ಒಂದು ಮಾದರಿಯೇ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಅರಸದಿದ್ದರೆ ಅದೂ ಎಷ್ಟು ಕಿರಿದಾಗುತ್ತಿತ್ತೋ!

ಆದುದರಿಂದ ವಿದ್ಯಾರ್ಥಿಗಳು ಪಠ್ಯದ ವಚನವನ್ನು ಬಾಗಿಲೆಂದು ತಿಳಿದು ಒಳಗೆ ಬರಲಿ. ಹೊಸ್ತಿಲಲ್ಲೇ ನಿಂತು ಮನೆಯನ್ನು ಕಂಡೆವೆನ್ನುವುದು ಶರಣರಿಗೆ ಮಾಡುವ ಅನ್ಯಾಯ.