ಅಣುವಿನ ಆಕಾರ ಮತ್ತು ಧ್ರುವೀಯತೆ

ಅಣುವಿನ ಧ್ರುವೀಯತೆ ಎಂದರೆ ಒಂದು ಅಣುವಿನಲ್ಲಿರುವ ಧನ ಮತ್ತು ಋಣ ವಿದ್ಯುದಾವೇಶಗಳ ಕೇಂದ್ರಗಳು ಒಂದೇ ಬಿಂದುವಿನಲ್ಲಿ ಸೇರದೆ ಬೇರ್ಪಟ್ಟಿರುವ ಸ್ಥಿತಿ. ಇದರ ಅಳತೆಯನ್ನು ದ್ವಿಧ್ರುವ ಭ್ರಾಮಕ ಎಂದು ಕರೆಯುತ್ತಾರೆ. ಇದರ ರೂಢಿಯ ಏಕಮಾನವಾದ ಡಿಬೈ, 1936ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕೃತ ಪೀಟರ್ ಡಿಬೈ ಅವರ ಹೆಸರನ್ನು ಹೊಂದಿದೆ. ಬಂಧಗಳು ಧ್ರುವೀಯವಾಗಿದ್ದರೆ ಅಣುವೂ ಧ್ರುವೀಯವಾಗಿರುತ್ತದೆ ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ವಾಸ್ತವದಲ್ಲಿ ಅದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಬಂಧಗಳು ಯಾವ ದಿಕ್ಕುಗಳಿಗೆ ಚಾಚಿಕೊಂಡಿವೆ ಎಂಬುದು.

ಬಂಧದಿಂದ ಅಣುವಿಗೆ

ಎರಡು ಪರಮಾಣುಗಳ ನಡುವಣ ಬಂಧದಲ್ಲಿ ಹೆಚ್ಚು ವಿದ್ಯುದೃಣತ್ವವುಳ್ಳ ಪರಮಾಣು ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುತ್ತದೆ. ಪಾಲಿಂಗ್ ಮಾನದಲ್ಲಿ ಆಮ್ಲಜನಕದ ಬೆಲೆ 3.44, ಇಂಗಾಲದ್ದು 2.55, ಜಲಜನಕದ್ದು 2.20. ಹೀಗೆ ಉಂಟಾಗುವ ಬಂಧದ ದ್ವಿಧ್ರುವವು ಪರಿಮಾಣ, ದಿಕ್ಕು ಎರಡನ್ನೂ ಹೊಂದಿರುವ ಸದಿಶ. ಅಣುವಿನ ಒಟ್ಟು ಭ್ರಾಮಕವನ್ನು ಪಡೆಯಲು ಇವುಗಳನ್ನು ಸದಿಶಗಳಂತೆಯೇ ಕೂಡಿಸಬೇಕು. ಬಂಧದಲ್ಲಿ ಪಾಲ್ಗೊಳ್ಳದ ಎಲೆಕ್ಟ್ರಾನ್ ಜೋಡಿಗಳ ಕೊಡುಗೆಯೂ ಇದರಲ್ಲಿ ಸೇರುತ್ತದೆ.

ಭದ್ರಾವತಿಯ ಉದಾಹರಣೆ

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು ಕಬ್ಬಿಣ ಕರಗಿಸಲು ಮಲೆನಾಡಿನ ಮರದ ಇದ್ದಿಲನ್ನು ಬಳಸುತ್ತಿತ್ತು. ಅಲ್ಲಿ ಮರದ ಭಟ್ಟಿ ಇಳಿಸುವ ಘಟಕವೂ ಇತ್ತು. ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿದಾಗ ಇದ್ದಿಲು ಉಳಿದು, ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಇಂಗಾಲದ ಮಾನಾಕ್ಸೈಡ್, ಮೀಥೇನ್, ಮೆಥನಾಲ್, ಅಸಿಟಿಕ್ ಆಮ್ಲ ಮುಂತಾದವು ಹೊರಬರುತ್ತವೆ. ಈ ವಿಷಯಕ್ಕೆ ಬೇಕಾದ ಉದಾಹರಣೆಗಳೆಲ್ಲ ಈ ಒಂದೇ ಹೊಗೆಯಲ್ಲಿವೆ.

ಇಂಗಾಲದ ಡೈಆಕ್ಸೈಡಿನ ಎರಡೂ ಬಂಧಗಳು ಧ್ರುವೀಯ. ಆದರೆ ಅಣು ನೇರರೇಖೆಯಲ್ಲಿದ್ದು, ಎರಡು ಆಮ್ಲಜನಕಗಳು ಇಂಗಾಲದ ಎದುರುಬದುರಾಗಿರುವುದರಿಂದ ಸೆಳೆತಗಳು ಪರಸ್ಪರ ರದ್ದಾಗಿ ಭ್ರಾಮಕ ಸೊನ್ನೆಯಾಗುತ್ತದೆ. ನೀರಿನ ಅಣುವಿನಲ್ಲಿಯೂ ಎರಡು ಸಮಾನ ಬಂಧಗಳಿವೆ. ಆದರೆ ಆಮ್ಲಜನಕದ ಮೇಲಿನ ಎರಡು ಒಂಟಿ ಜೋಡಿಗಳಿಂದಾಗಿ ಅವು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆದ್ದರಿಂದ ದ್ವಿಧ್ರುವಗಳು ರದ್ದಾಗದೆ ಕೂಡಿಕೊಂಡು 1.85 ಡಿಬೈ ಆಗುತ್ತವೆ. ನೀರಿನ ಅಣು ನೇರವಾಗಿದ್ದಿದ್ದರೆ ಉಪ್ಪು ಅದರಲ್ಲಿ ಈಗಿನಂತೆ ಕರಗುತ್ತಿರಲಿಲ್ಲ.

ಮೀಥೇನಿನ ನಾಲ್ಕು ಜಲಜನಕಗಳು ಸಮ ಚತುರ್ಮುಖಿಯ ಮೂಲೆಗಳಲ್ಲಿರುವುದರಿಂದ ಅದರ ಭ್ರಾಮಕವೂ ಸೊನ್ನೆ. ಒಂದು ಜಲಜನಕದ ಸ್ಥಾನದಲ್ಲಿ ಹೈಡ್ರಾಕ್ಸಿಲ್ ಗುಂಪನ್ನಿರಿಸಿದರೆ ಮೆಥನಾಲ್ ದೊರೆಯುತ್ತದೆ. ಆಗ ಸಮಮಿತಿ ಮುರಿದು ಭ್ರಾಮಕ ಸುಮಾರು 1.7 ಡಿಬೈಗೆ ಏರುತ್ತದೆ. ಮೀಥೇನ್ ನೀರಿನಲ್ಲಿ ಅತ್ಯಲ್ಪವಾಗಿ ಮಾತ್ರ ಕರಗುತ್ತದೆ. ಮೆಥನಾಲ್ ಯಾವುದೇ ಪ್ರಮಾಣದಲ್ಲಿಯೂ ಬೆರೆಯುತ್ತದೆ. ಆವಿಯನ್ನು ತಣಿಸಿದಾಗ ಮೆಥನಾಲ್ ಮತ್ತು ಅಸಿಟಿಕ್ ಆಮ್ಲ ನೀರಿನ ಪದರದಲ್ಲಿ ಉಳಿದು, ಟಾರಿನ ಬಹುಭಾಗ ಬೇರೆಯಾಗಿ ತಳಕ್ಕಿಳಿಯುವುದಕ್ಕೆ ಧ್ರುವೀಯತೆಯ ವ್ಯತ್ಯಾಸವೇ ಮುಖ್ಯ ಕಾರಣ.

ಮಿತಿಗಳು

ಧ್ರುವೀಯತೆಯೊಂದರಿಂದಲೇ ಎಲ್ಲ ಗುಣಗಳನ್ನು ಊಹಿಸಲಾಗದು. ಅಸಿಟೋನಿನ ಭ್ರಾಮಕ ಸುಮಾರು 2.9 ಡಿಬೈ, ಅಂದರೆ ನೀರಿಗಿಂತ ಹೆಚ್ಚು. ಆದರೂ ಅದು 56 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ನೀರಿನ ಅಣುಗಳ ನಡುವೆ ಇರುವ ಜಲಜನಕ ಬಂಧಗಳು ಅಸಿಟೋನ್ ಅಣುಗಳ ನಡುವೆ ಇಲ್ಲ. ಇಂಗಾಲದ ಮಾನಾಕ್ಸೈಡ್ ಇನ್ನೊಂದು ಅಪವಾದ. ಎರಡೇ ಪರಮಾಣುಗಳಿರುವುದರಿಂದ ಅಲ್ಲಿ ಆಕಾರದ ಪ್ರಶ್ನೆಯೇ ಏಳುವುದಿಲ್ಲ. ವಿದ್ಯುದೃಣತ್ವದ ವ್ಯತ್ಯಾಸವನ್ನು ನೋಡಿದರೆ ದೊಡ್ಡ ಭ್ರಾಮಕವನ್ನು ನಿರೀಕ್ಷಿಸಬೇಕು. ಅಳತೆ ಮಾತ್ರ 0.11 ಡಿಬೈ. ಅದರಲ್ಲಿಯೂ ಋಣ ತುದಿ ಆಮ್ಲಜನಕದ ಕಡೆಗಲ್ಲ, ಇಂಗಾಲದ ಕಡೆಗಿದೆ.