ಬೀಗದ ಕೈ ಕೊಡುವ ಹೊತ್ತು

ಜುಲೈ ತಿಂಗಳ ಭಾನುವಾರ, ಬೆಳಗಿನ ಹನ್ನೊಂದೂಕಾಲು. ಕಲ್ಲತ್ತಿಗಿರಿಯ ಕಡೆಯಿಂದ ಇಳಿದು ಬಂದ ಮಳೆ ಲಿಂಗದಹಳ್ಳಿಯ ಅಡಿಕೆ ತೋಟಗಳ ಮೇಲೆ ಒಂದು ಗಳಿಗೆ ಬಿಡುವು ಕೊಟ್ಟು ಮತ್ತೆ ಹಿಡಿದುಕೊಂಡಿತು. ಎರಡು ಕಾರುಗಳು ಕೆಸರು ಹಾರಿಸುತ್ತ ಗೇಟು ದಾಟಿದವು. ‘ಹೋಗಿ ಬರ್ತೀವಿ’ ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಜಗಲಿಯಲ್ಲಿ ನಿಂತಿದ್ದ ನನ್ನ ಗೆಳೆಯನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ‘ಬನ್ನಿ ಬನ್ನಿ’ ಎಂದು ಕೈ ಬೀಸಿದರು. ಕಾರುಗಳು ತಿರುವಿನಲ್ಲಿ ಮರೆಯಾದ ಮೇಲೆ ಬೀಗದ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಅವರ ಹಿಂದೆ ಪೊರಕೆ, ಬಕೆಟ್ಟು ಹಿಡಿದ ಕೆಲಸದ ಅಕ್ಕ. ಅವರಿಬ್ಬರ ಹಿಂದೆ ನಾನು.

ಹಳೆಯ ಹೆಂಚಿನ ಮನೆ ಅದು. ಮೂರು ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದನೆಯ ಜಗಲಿ. ಮಕ್ಕಳು ಊರು ಬಿಟ್ಟ ಮೇಲೆ ಖಾಲಿ ಬಿದ್ದಿದ್ದನ್ನು ಗೆಳೆಯ ರಿಪೇರಿ ಮಾಡಿಸಿ ಹೋಂಸ್ಟೇ ಮಾಡಿದ್ದಾನೆ. ಮನೆಯವರು ಹಿತ್ತಲಿನ ಚಿಕ್ಕ ಮನೆಯಲ್ಲಿದ್ದಾರೆ. ಮಧ್ಯಾಹ್ನ ಎರಡಕ್ಕೆ ಮುಂದಿನವರು ಬರುತ್ತಾರೆ. ಅಕ್ಕ ಹಿಡಿಯಬೇಕಾದ ಬಸ್ಸು ಒಂದೂವರೆಗೆ.

ಮೊದಲ ಕೋಣೆಯ ಬಾಗಿಲು ತೆರೆದಾಗ ಎದುರಾದದ್ದು ಒದ್ದೆ ವಾಸನೆ. ಮಂಚದ ಮೇಲೆ, ಹತ್ತಿಯ ಹಾಸಿಗೆಯ ನಟ್ಟನಡುವೆ, ನಾಲ್ಕು ತೊಯ್ದ ಟವೆಲ್ಲುಗಳ ರಾಶಿ. ರಾತ್ರಿಯೇ ಹಾಕಿದ್ದಿರಬೇಕು, ನೀರು ಹೊದಿಕೆ ದಾಟಿ, ಹಾಸಿಗೆಗೂ ಇಳಿದಿತ್ತು. ಮಂಚದ ಕೆಳಗೆ ಚಿಪ್ಸ್ ಪೊಟ್ಟಣಗಳು, ಅರ್ಧ ಕುಡಿದ ನೀರಿನ ಬಾಟಲಿಗಳು. ಅಡುಗೆಮನೆಯ ಸಿಂಕಿನಲ್ಲಿ ತಳ ಹಿಡಿದ ಬಿರಿಯಾನಿ ಪಾತ್ರೆ, ಅದರೊಳಗೇ ಮೂಳೆ, ಟಿಶ್ಯೂ ಕಾಗದ, ಸಿಗರೇಟಿನ ತುಂಡು. ಬಚ್ಚಲಿನ ಮೂಲೆಯಲ್ಲಿ ಬಿಚ್ಚಿಟ್ಟ ಹಾಗೆಯೇ ಬಿದ್ದಿದ್ದ ಮಗುವಿನ ಡೈಪರು.

ಕನ್ನಡಿಯ ಅಂಚಿಗೆ ಯಾರೋ ಅಂಟಿಸಿಹೋದ ಒಂದು ಕೆಂಪು ಬಿಂದಿ ಇತ್ತು. ಅಕ್ಕ ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ‘ಇದೇನು ಕಸ ಅಲ್ಲ ಬಿಡಿ ಅಣ್ಣ’ ಎಂದರು. ‘ಗುಡಿಸೋದು, ಒರೆಸೋದು, ಕಕ್ಕಸು ತೊಳೆಯೋದು ನಮ್ ಕೆಲ್ಸ. ಅದಕ್ಕೇ ಸಂಬಳ ಕೊಡ್ತಾರೆ, ಅದಕ್ಕೆ ಬೇಜಾರಿಲ್ಲ. ಆದ್ರೆ ಮುಟ್ಟೋಕೆ ಹೇಸಿಗೆ ಆಗೋದನ್ನ ಬಿಟ್ಟು ಹೋಗಬಾರದು ನೋಡಿ.’

ಬಾಡಿಗೆಗೆ ಹಿಡಿದ ಮನೆಯನ್ನು ಬಿಡುವಾಗ ಅತಿಥಿ ಎಷ್ಟು ಚೊಕ್ಕಟ ಮಾಡಿ ಹೋಗಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಎಲ್ಲಿಯೂ ಕೇಳಿಲ್ಲ. ಕೆಲಸ ಬಿಟ್ಟು ಹೋಗಬಹುದು, ಹೇಸಿಗೆ ಬಿಟ್ಟು ಹೋಗಬಾರದು.

ಲಿಂಗದಹಳ್ಳಿ ಸಂಧಿಯ ಊರು. ಪೂರ್ವಕ್ಕೆ ಕಡೂರು, ಬೀರೂರಿನ ಬಯಲು. ರಾಗಿ ಹೊಲ, ತೆಂಗಿನ ತೋಟ, ಒಣ ಗಾಳಿ. ಪಶ್ಚಿಮಕ್ಕೆ ತಿರುಗಿದರೆ ಬಾಬಾಬುಡನ್ ಗಿರಿಸಾಲು ಗೋಡೆಯ ಹಾಗೆ ಎದ್ದು ನಿಂತಿದೆ. ತರೀಕೆರೆಯಿಂದ ಗುಡ್ಡ ಹತ್ತುವವರು ಈ ಊರು ದಾಟಿಯೇ ಹೋಗಬೇಕು. ಮೊದಲು ಸಿಗುವುದು ಕಲ್ಲತ್ತಿಗಿರಿ: ವೀರಭದ್ರೇಶ್ವರನ ಕಲ್ಲಿನ ಗುಡಿ, ಅದರ ಮಗ್ಗುಲಲ್ಲೇ ಬಂಡೆಯಿಂದ ಧುಮುಕುವ ನೀರು. ಅಲ್ಲಿಂದ ಸುಮಾರು 10 ಕಿ.ಮೀ. ಹತ್ತಿದರೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಜಾಗ. 1942ರಲ್ಲಿ ತೋಟಗಾರಿಕೆ ಇಲಾಖೆಯ ಕೈಗೆ ಬಂತು. ಒಂದು ಕಾಲಕ್ಕೆ ಆ ಕೆಂಪು ಗುಡ್ಡದ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಳಿಯುತ್ತಿತ್ತು. ಈಗ ಕೆಳಗಿನಿಂದ ಕಾರುಗಳು ಏರುತ್ತವೆ. ಕಾರಿನ ಜತೆ ಬಾಟಲಿ, ಪೊಟ್ಟಣ, ಥರ್ಮೋಕೋಲ್ ತಟ್ಟೆಗಳೂ ಏರುತ್ತವೆ. ಜನ ಇಳಿಯುತ್ತಾರೆ, ಅವು ಇಳಿಯುವುದಿಲ್ಲ.

ಮೊದಲು ಹೀಗಿರಲಿಲ್ಲ ಎಂದು ಗೆಳೆಯನ ತಾಯಿ ಹೇಳುತ್ತಾರೆ. ಅವರ ಚಿಕ್ಕಂದಿನಲ್ಲಿ ಕಲ್ಲತ್ತಿಗಿರಿಯ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರಂತೆ. ಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ. ಊಟ ಮುತ್ತುಗದ ಎಲೆಯಲ್ಲಿ ಇಲ್ಲವೇ ಅಡಿಕೆ ಹಾಳೆಯಲ್ಲಿ. ಹೊರಡುವಾಗ ಒಲೆಗೆ ನೀರು ಹೊಯ್ದು, ಮುಂದೆ ಬರುವವರಿಗೆ ಇರಲಿ ಎಂದು ಕಲ್ಲುಗಳನ್ನು ಅಲ್ಲಿಯೇ ಬಿಟ್ಟು, ಉಳಿದ ಸೌದೆಯನ್ನು ಮರದ ಬುಡಕ್ಕೆ ಒರಗಿಸಿ ಬರುತ್ತಿದ್ದರು. ಎಲೆಯನ್ನು ದನ ತಿನ್ನುತ್ತಿತ್ತು, ಇಲ್ಲದಿದ್ದರೆ ಮಣ್ಣು ತಿನ್ನುತ್ತಿತ್ತು. ಆಗಿನವರೆಲ್ಲ ನಮಗಿಂತ ಒಳ್ಳೆಯವರು ಎಂದು ನಾನು ಹೇಳಲಾರೆ. ಅವರ ಕೈಯಲ್ಲಿದ್ದ ವಸ್ತುಗಳಿಗೆ ಒಂದು ಕೊನೆಯಿತ್ತು. ಚಿಪ್ಸ್ ಪೊಟ್ಟಣವನ್ನು ಮಣ್ಣೂ ಒಪ್ಪಿಕೊಳ್ಳುವುದಿಲ್ಲ. ಅಭ್ಯಾಸ ಹಳೆಯದೇ ಉಳಿದು, ವಸ್ತು ಬದಲಾಗಿಬಿಟ್ಟಿದೆ.

ಹೊರಡುವಾಗ ಅತಿಥಿ ಎಷ್ಟು ಚೊಕ್ಕಟ ಮಾಡಬೇಕು ಎಂಬ ವ್ಯಾಜ್ಯ ಅಮೆರಿಕದಲ್ಲಿ ತಿರುಗುಮುರುಗಾಗಿದೆ. ಅಲ್ಲಿ ಬಾಡಿಗೆ ಮನೆಗೆ ದಿನದ ಬಾಡಿಗೆಯ ಮೇಲೆ ಶುಚಿಗೊಳಿಸುವ ಶುಲ್ಕವೆಂದು ಬೇರೆ ಹಣ ಕೊಡಬೇಕು. ಕೊಟ್ಟ ಮೇಲೂ ಹೊರಡುವ ದಿನ ಮಾಡಬೇಕಾದ ಕೆಲಸಗಳ ಪಟ್ಟಿ ಗೋಡೆಯ ಮೇಲಿರುತ್ತದೆ ಎಂಬುದು ಅತಿಥಿಗಳ ದೂರು. ಕೊನೆಗೆ 2022ರ ನವೆಂಬರಿನಲ್ಲಿ, ಇಂಥ ಮನೆಗಳನ್ನು ಬಾಡಿಗೆಗೆ ಗೊತ್ತುಮಾಡಿಕೊಡುವ ಏರ್‌ಬಿಎನ್‌ಬಿ ಸಂಸ್ಥೆಯ ಮುಖ್ಯಸ್ಥ ಬ್ರಯನ್ ಚೆಸ್ಕಿ ಒಂದು ಗೆರೆ ಎಳೆದರು. ಹಾಸಿಗೆಯ ಹೊದಿಕೆ ಕಳಚು, ಬಟ್ಟೆ ಒಗೆ, ನೆಲ ಗುಡಿಸು ಎಂದು ಅತಿಥಿಗೆ ಹೇಳುವುದು ಅನ್ಯಾಯ. ದೀಪ ಆರಿಸು, ಉಳಿದ ಆಹಾರವನ್ನು ಕಸದ ಬುಟ್ಟಿಗೆ ಹಾಕು, ಬಾಗಿಲಿಗೆ ಬೀಗ ಹಾಕು ಎನ್ನುವುದು ನ್ಯಾಯ.

ನಮ್ಮ ಕಡೆಯ ತೊಡಕು ಬೇರೆ. ಇಲ್ಲಿ ಮನೆಯವರಿಗೆ ಕೇಳಲು ಬಾಯಿ ಬರುವುದಿಲ್ಲ. ಬಂದವರು ದುಡ್ಡು ಕೊಟ್ಟೇ ಬಂದಿದ್ದರೂ ಅತ್ತಿಗೆಯ ಕಣ್ಣಿಗೆ ಅವರು ನೆಂಟರು. ನೆಂಟರಿಗೆ ‘ಟವೆಲ್ಲು ಹಾಸಿಗೆ ಮೇಲೆ ಹಾಕಬೇಡಿ’ ಎಂದು ಹೇಳುವುದು ಹೇಗೆ? ಗೋಡೆಗೆ ಅಂಟಿಸಲೆಂದು ಗೆಳೆಯ ಬರೆಸಿ ತಂದ ಸೂಚನೆಯ ಹಾಳೆ ಇನ್ನೂ ಕಪಾಟಿನಲ್ಲೇ ಇದೆ. ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ಮಾತು ನೆಂಟನಿಗೆ ಹೇಳಿದ್ದು. ಉಣಿಸಿದ ಮನೆಗೆ ಹೇಳಿದ ಗಾದೆಯಿಲ್ಲ. ಅದು ಸುಮ್ಮನೆ ಸಹಿಸುತ್ತದೆ.

ಹಾಗೆ ಸಹಿಸುವುದರ ಬೆಲೆ ಎಷ್ಟೆಂಬುದು ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ಒಗೆದ ಹೊದಿಕೆ ಎರಡು ಗಂಟೆಯಲ್ಲಿ ಗರಿಗರಿಯಾಗುತ್ತದೆ. ಜುಲೈನಲ್ಲಿ ವಾಷಿಂಗ್ ಮಷೀನು ಎಷ್ಟು ಹಿಂಡಿದರೂ ಕೊನೆಯ ತೇವ ಹೋಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳುವಿನ ಮೇಲೆ ಹೊದಿಕೆಗಳನ್ನು ಹರವಿ, ಹಂಡೆಯ ಬಿಸಿಗೆ ಒಂದೊಂದಾಗಿ ಮಗುಚಿ ಹಾಕುತ್ತ ಒಣಗಿಸಬೇಕು. ಆಗ ಅದಕ್ಕೆ ಹೊಗೆಯ ವಾಸನೆ ಹತ್ತದ ಹಾಗೂ ನೋಡಿಕೊಳ್ಳಬೇಕು. ಹೊದಿಕೆಯ ಕಥೆ ಇದಾದರೆ ಹಾಸಿಗೆಯದು ಇನ್ನೂ ಕಷ್ಟ. ಅದನ್ನು ಒಗೆಯಲಾಗದು, ಹೊರಗೆ ಹಾಕಲು ಬಿಸಿಲಿಲ್ಲ. ನಾಲ್ಕು ಒದ್ದೆ ಟವೆಲ್ಲು ಒಂದು ರಾತ್ರಿ ಅದರ ಮೇಲೆ ಬಿದ್ದಿದ್ದರೆ ಮೂರನೇ ದಿನಕ್ಕೆ ಬೂಷ್ಟು. ಬಾಗಿಲ ಹಿಂದಿನ ಮೊಳೆಗೆ ಟವೆಲ್ಲು ನೇತುಹಾಕಲು ಎಷ್ಟು ಹೊತ್ತು ಬೇಕು?

ಡೈಪರಿನದು ಅದಕ್ಕಿಂತ ದೊಡ್ಡ ಕಥೆ. ಅದರೊಳಗಿನ ಪುಡಿ ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ. ಹಿಂದಿನ ಮಳೆಗಾಲದಲ್ಲಿ ಯಾರೋ ಅದನ್ನು ಕಮೋಡಿಗೆ ಹಾಕಿ ನೀರು ಬಿಟ್ಟಿದ್ದರು. ಪೈಪು ಕಟ್ಟಿ, ಗುಂಡಿಯ ನೀರು ಹಿಂದಕ್ಕೆ ಬಂತು. ಬಿದಿರ ಸೀಳು, ತಂತಿ, ಬಿಸಿನೀರು ಎಲ್ಲ ಮುಗಿದ ಮೇಲೆ ಗೆಳೆಯ ತಾನೇ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಳೆದು ತೆಗೆದನಂತೆ. ‘ಅಕ್ಕನಿಗೆ ಹೇಳೋಕೆ ಮನಸ್ಸು ಬರಲಿಲ್ಲ’ ಎಂದ.

ಆ ಮಾತಿನ ಹಿಂದೆ ಈ ನಾಡಿನ ಒಂದು ನೋವಿದೆ. ಯಾರ ಎಂಜಲನ್ನು ಯಾರು ಎತ್ತಬೇಕು, ಯಾರ ಹೊಲಸಿಗೆ ಯಾರ ಕೈ ಇಳಿಯಬೇಕು ಎಂಬುದನ್ನು ನಮ್ಮಲ್ಲಿ ಬಹುಕಾಲ ಹುಟ್ಟೇ ತೀರ್ಮಾನಿಸುತ್ತಿತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಹೊರಟಾಗ ಅದು ಬರೀ ಶುಚಿತ್ವದ ವಿಷಯವಾಗಿರಲಿಲ್ಲ, ಮನುಷ್ಯನ ಮರ್ಯಾದೆಯ ವಿಷಯವಾಗಿತ್ತು. 2013ರಲ್ಲಿ ಅದನ್ನು ನಿಷೇಧಿಸುವ ಹೊಸ ಕೇಂದ್ರ ಕಾನೂನೇ ಬಂತು. ಕಾನೂನು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಬಹುದು. ರಜೆ ಮುಗಿಸಿ ಹೊರಟವನು ಬಚ್ಚಲ ಮೂಲೆಯಲ್ಲಿ ಬಿಟ್ಟುಹೋದ ಡೈಪರನ್ನು ಯಾರ ಕೈ ಎತ್ತಬೇಕು ಎಂಬುದನ್ನು ಅವನೇ ಯೋಚಿಸಬೇಕು. 2016ರ ಘನತ್ಯಾಜ್ಯ ನಿಯಮಗಳೇ ಸ್ಪಷ್ಟವಾಗಿ ಹೇಳಿದ್ದವು: ಡೈಪರು, ಪ್ಯಾಡುಗಳನ್ನು ಬಳಸಿದವರೇ ಭದ್ರವಾಗಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕು. ಒಂದು ಹಳೆಯ ಪತ್ರಿಕೆಯ ಹಾಳೆ ಸಾಕು. ನಮ್ಮ ಬಹಳಷ್ಟು ಪಂಚಾಯಿತಿಗಳಲ್ಲಿ ಕಸದ ಗಾಡಿ ನಡೆಸುವವರು, ಆ ಕಸವನ್ನು ಕೈಯಾರೆ ವಿಂಗಡಿಸುವವರು ಹಳ್ಳಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಸುತ್ತಿದ ಹಾಳೆ ಅಕ್ಕನ ಕೈಯನ್ನು ಕಾಯುವ ಹಾಗೆ ಅವರ ಕೈಯನ್ನೂ ಕಾಯುತ್ತದೆ.

ಆ ಭಾನುವಾರ ಅಕ್ಕ ಬಿರಿಯಾನಿ ಪಾತ್ರೆಯಿಂದ ಸಿಗರೇಟು, ಟಿಶ್ಯೂ ಹೆಕ್ಕಿ ತೆಗೆದರು. ಉಳಿದ ಅನ್ನವನ್ನು ನಾಯಿಗೂ ಹಾಕುವಂತಿರಲಿಲ್ಲ. ಅಡಿಕೆ ಮರದ ಬುಡದಲ್ಲಿ ಒಡೆದ ಬಿಯರ್ ಬಾಟಲಿಯ ಚೂರುಗಳಿದ್ದವು. ಅಡಿಕೆ ಕೊಯ್ಯುವ ಕೊನೆಗಾರರು ಬರಿಗಾಲಲ್ಲಿ ಓಡಾಡುವ ಜಾಗ. ಅತ್ತಿಗೆ ಕೊಡೆ ಹಿಡಿದು ನಿಂತರು, ಅಕ್ಕ ಒಂದೊಂದೇ ಚೂರನ್ನು ಆರಿಸಿದರು. ದಿಂಬಿನ ಕೆಳಗೆ ನೂರರ ನೋಟೊಂದು ಸಿಕ್ಕಿತು. ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ, ನಿಜ. ಆದರೆ ಅಕ್ಕನ ಬಸ್ಸು ಹೊರಟುಹೋಗಿತ್ತು. ಮುಂದಿನದು ನಾಲ್ಕಕ್ಕೆ. ಜಗಲಿಯ ಕೊನೆಯಲ್ಲಿ ಕಾಲು ನೀಡಿ ಕುಳಿತು ಅವರು ರಸ್ತೆ ನೋಡುತ್ತಿದ್ದರು.

ಮರುವಾರ ನಾನಿನ್ನೂ ಅಲ್ಲಿಯೇ ಇದ್ದೆ. ಹುಬ್ಬಳ್ಳಿಯಿಂದ ಒಂದು ಕುಟುಂಬ ಬಂದಿತ್ತು: ವಯಸ್ಸಾದ ದಂಪತಿ, ಮಗಳು, ಅಳಿಯ, ಆರು ವರ್ಷದ ಮೊಮ್ಮಗ. ಹೊರಡುವ ಬೆಳಿಗ್ಗೆ ಅಜ್ಜಿ ಹೊದಿಕೆಯ ಅಂಚು ಹಿಡಿದು ಬಾಗಿಲಿಗೆ ಬಂದರು. ‘ಹೊದಿಕಿ ಎಲ್ಲಾ ಮಡಚಿ ಇಡ್ಲೇನವಾ?’

‘ಬ್ಯಾಡ ಅಜ್ಜಿ’ ಎಂದರು ಅಕ್ಕ. ‘ಮಡಚಿ ಇಟ್ರೆ ಬಳಸಿದ್ಯಾವುದು, ಬಳಸದೇ ಇದ್ದಿದ್ಯಾವುದು ಗೊತ್ತಾಗಲ್ಲ. ಹಂಗೇ ಬಿಡಿ, ನಾನ್ ತಗೀತೀನಿ.’

ಅತಿಥಿಯ ಅತಿಯಾದ ಕಾಳಜಿಯೂ ಕೆಲಸ ಹೆಚ್ಚಿಸುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಅರೆಬರೆ ತೊಳೆದು ಒದ್ದೆಯಾಗಿಯೇ ಗೂಡಿಗೆ ಸೇರಿಸಿದ ಪಾತ್ರೆಯನ್ನು ಹೊರತೆಗೆದು ಮತ್ತೆ ತೊಳೆಯಬೇಕು. ಎಂಜಲು ತೆಗೆದು, ನೀರು ತುಂಬಿ ನೆನೆಹಾಕಿಟ್ಟರೆ ಅದೇ ದೊಡ್ಡ ಉಪಕಾರ. ಅಜ್ಜಿ ಹಾಗೆಯೇ ಮಾಡಿದರು. ಉಳಿದ ಚಪಾತಿ, ಬಾಳೆಹಣ್ಣಿನ ಸಿಪ್ಪೆಯನ್ನು ಕೊಟ್ಟಿಗೆಯ ಕಲಗಚ್ಚಿನ ಬಕೆಟ್ಟಿಗೆ ತಾವೇ ಹಾಕಿ ಬಂದರು. ಮಗಳು ಟವೆಲ್ಲುಗಳನ್ನು ಬಚ್ಚಲ ಗಳುವಿಗೆ ಹಾಕಿದಳು. ಅಳಿಯ ಬಾಟಲಿ, ಪೊಟ್ಟಣಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕಾರಿನ ಡಿಕ್ಕಿಯಲ್ಲಿಟ್ಟ. ಊರಿನಲ್ಲಿ ಕಸದ ಗಾಡಿಗೆ ಕೊಡುವುದಾಗಿ ಹೇಳಿದ. ಹುಡುಗ ಹಿಂದಿನ ದಿನ ಒಡೆದ ಗಾಜಿನ ಲೋಟದ ಚೂರುಗಳನ್ನು ತಾತ ರಟ್ಟಿನಲ್ಲಿ ಸುತ್ತಿ, ಮೇಲೆ ಪೆನ್ನಿನಿಂದ ‘ಗಾಜು’ ಎಂದು ಬರೆದು ಅತ್ತಿಗೆಯ ಕೈಗೆ ಕೊಟ್ಟರು. ‘ಒಂದು ಲ್ವಾಟ ಒಡದೈತ್ರಿ, ರೊಕ್ಕ ತಗೋರಿ’ ಎಂದರು. ಅತ್ತಿಗೆ ತಗೊಳ್ಳಲಿಲ್ಲ.

ಇದಕ್ಕೆಲ್ಲ ಹಿಡಿದದ್ದು ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಅವರು ಯಾರೂ ಪೊರಕೆ ಮುಟ್ಟಲಿಲ್ಲ. ಕೋಣೆಯ ನೆಲದಲ್ಲಿ ಕೆಸರಿನ ಹೆಜ್ಜೆಗಳಿದ್ದವು, ಬಚ್ಚಲಿನಲ್ಲಿ ಕೂದಲಿತ್ತು, ಮಂಚದ ಕೆಳಗೆ ಹುಡುಗನ ಬಣ್ಣದ ಪೆನ್ಸಿಲ್ಲಿನ ಸಿಪ್ಪೆಯಿತ್ತು. ಅದೆಲ್ಲ ಇರಬೇಕಾದದ್ದೇ, ಮನುಷ್ಯರು ಎರಡು ದಿನ ಬಾಳಿದ ಗುರುತು. ಅಕ್ಕ ಹಾಡು ಗುನುಗುತ್ತ ಗುಡಿಸಿದರು, ಒರೆಸಿದರು. ಫಿನಾಯಿಲಿನ ವಾಸನೆ ಜಗಲಿಯವರೆಗೆ ಬಂತು. ಒಂದು ಗಂಟೆಗೆ ಮುಂಚೆಯೇ ಕೈ ತೊಳೆದುಕೊಂಡು, ಅತ್ತಿಗೆ ಕೊಟ್ಟ ಕಾಫಿಯನ್ನು ಕೂತು ಕುಡಿದರು.

‘ಹೋಗಿ ಬರ್ತೀವಿ’ ಎನ್ನುವುದು ಕನ್ನಡದಲ್ಲಿ ಹೊರಡುವವರ ಮಾತು. ಬರೀ ‘ಹೋಗ್ತೀವಿ’ ಎಂದರೆ ಮನೆಯವರು ತಿದ್ದುತ್ತಾರೆ. ಆ ಮಾತು ಆಡಿ ಹೊಸ್ತಿಲು ದಾಟುವವರು, ಮತ್ತೆ ಬಂದಾಗ ಬಾಗಿಲು ತೆರೆಯುವ ಕೈಯನ್ನು ನೆನಪಿಟ್ಟುಕೊಂಡು ದಾಟಬೇಕು. ಹೊರಡುವ ಮುಂಚೆ ಒಮ್ಮೆ ಹಿಂತಿರುಗಿ ಕೋಣೆ ನೋಡಿ. ಅಲ್ಲಿರುವ ಯಾವುದನ್ನಾದರೂ ನಿಮ್ಮ ತಾಯಿಯೋ ಅಕ್ಕನೋ ಬರಿಗೈಯಲ್ಲಿ ಮುಟ್ಟಬೇಕಾಗಿ ಬಂದರೆ ನಿಮಗೆ ನಾಚಿಕೆಯಾಗುತ್ತದೆಯೇ? ಅಷ್ಟನ್ನು ಮಾತ್ರ ಎತ್ತಿ. ಉಳಿದದ್ದನ್ನು ಬಿಡಿ, ಅದಕ್ಕೆ ಕೂಲಿ ಇದೆ, ಮಾಡುವ ಕೈಗೆ ಅಭ್ಯಾಸವಿದೆ.

ಒಂದೂವರೆಯ ಬಸ್ಸು ತಿರುವಿನಲ್ಲಿ ಹಾರ್ನು ಹಾಕಿತು. ಅಕ್ಕ ಕೊಡೆ ಬಿಚ್ಚಿ, ಚಪ್ಪಲಿ ಮೆಟ್ಟಿ, ಅವಸರವಿಲ್ಲದೆ ಗೇಟಿನ ಕಡೆಗೆ ನಡೆದರು.