ಬಿಳಿಮೀನಿನ ಲೆಕ್ಕ

ಮಾರ್ಗಶಿರದ ಷಷ್ಠಿ ತೇರಿಗೆ ರಾಮನಾಥಪುರಕ್ಕೆ ಬಂದವರು ಸುಬ್ರಹ್ಮಣ್ಯನಿಗೆ ಕೈಮುಗಿದು ವಹ್ನಿಪುಷ್ಕರಿಣಿಯ ಕಡೆ ಇಳಿಯುತ್ತಾರೆ. ಬಂಡೆಯ ಮೇಲಿಂದ ಒಂದು ಹಿಡಿ ಪುರಿ ಎರಚಿದರೆ ಸಾಕು, ಕಾವೇರಿ ಅಲ್ಲಿ ಕುದಿಯತೊಡಗುತ್ತಾಳೆ. ಇವು ದೇವರ ಮೀನು, ಮುಟ್ಟುವಂತಿಲ್ಲ. ನಂಬಿಕೆಗೆ ಸರ್ಕಾರದ ನಿಷೇಧವೂ ಜೊತೆಗೂಡಿ ಈ ಮಡುವನ್ನು ಮತ್ಸ್ಯಧಾಮವಾಗಿ ಉಳಿಸಿದೆ. ಕೆಲವೇ ಮೈಲಿ ಮೇಲೆ, ಕೊಣನೂರಿನ ತೂಗುಸೇತುವೆಯ ಕೆಳಗೆ ಹರಿಯುವುದೂ ಇದೇ ನೀರು, ಈಜುವುದೂ ಇದೇ ಮೀನು. ಆದರೆ ಅಲ್ಲಿ ಅದು ದೇವರದ್ದಲ್ಲ. ಮಡುವಿನೊಳಗಿನ ಮೀನನ್ನು ಭಕ್ತಿ ಕಾಯುತ್ತದೆ, ಸರಿ. ಹೊರಗಿನದನ್ನು ಕಾಯುವವರು ಯಾರು? ಕಾವೇರಿಯ ಕೆಳಹರಿವಿನಲ್ಲಿ ಈ ಪ್ರಶ್ನೆಗೆ ಒಂದು ಕಾಲಕ್ಕೆ ಸಿಕ್ಕಿದ ಉತ್ತರ ವಿಚಿತ್ರವಾದದ್ದು: ಗಾಳ ಹಾಕುವವರೇ. ಆ ಉತ್ತರವನ್ನು ನಾವು ಬೇಗ ಕೈಬಿಟ್ಟೆವು ಎಂಬುದು ಈ ಲೇಖನದ ವಾದ.

ಕಾವೇರಿ ದಡದವರು ಬಿಳಿಮೀನು ಎನ್ನುವ ಮಹಶೀರ್‌ಗೆ ಗಾಳ ಹಾಕುವುದು ಒಂದು ಕಸುಬು, ಅದರ ಜೀವಾಳ ರಾಗಿ. ಹಿಟ್ಟನ್ನು ನೀರಲ್ಲಿ ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡುತ್ತಾರೆ. ಊಟದ ಮುದ್ದೆಯಷ್ಟು ಮೆತ್ತಗಿದ್ದರೆ ಸೆಳವು ಅದನ್ನು ತೊಳೆದುಬಿಡುತ್ತದೆ, ತೀರಾ ಗಡುಸಾದರೆ ಕೊಕ್ಕೆ ಮೀನಿನ ಬಾಯಿಗೆ ನಾಟುವುದಿಲ್ಲ. ಆ ಹದ ಕೈಗೇ ಗೊತ್ತಾಗಬೇಕು. ಸಂಬಾರ, ಎಣ್ಣೆ ಬೆರೆಸುವ ಗುಟ್ಟು ಒಬ್ಬೊಬ್ಬರದು ಒಂದೊಂದು. ದಾರಕ್ಕೆ ಸೀಸದ ತಂತಿ ಸುತ್ತಿ ಉಂಡೆಯನ್ನು ಬಂಡೆಗಳ ಸಂದಿಗೆ ಇಳಿಸುತ್ತಾರೆ. ಸೀಸ ಕಲ್ಲಿಗೆ ಸಿಕ್ಕಿಕೊಂಡರೂ ಜಾರಿ ಬಿಡಿಸಿಕೊಳ್ಳಬೇಕು, ಸುತ್ತುವ ರೀತಿಯೇ ಹಾಗೆ. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾದ ಮೇಲೆ, ಮುಂಜಾವಿನಲ್ಲೋ ಮುಸ್ಸಂಜೆಯಲ್ಲೋ ದಾರವನ್ನು ಬೆರಳ ಮೇಲೆ ಹಾಯಿಸಿಕೊಂಡು ಕೂರುವುದು. ಸಣ್ಣ ಮೀನು ಉಂಡೆ ಚಿವುಟಿದರೆ ದಾರ ತಟತಟ ಎನ್ನುತ್ತದೆ. ಬಿಳಿಮೀನಿಗೆ ಆ ಚಿವುಟಾಟವಿಲ್ಲ, ಒಂದೇ ಎಳೆತ. ರೀಲು ಕಿರುಚುವಷ್ಟರಲ್ಲಿ ಅದು ಸೆಳವಿನ ಜೊತೆ ನೂರು ಗಜ ಇಳಿದಿರುತ್ತದೆ, ಹರಿಗೋಲಿನವನು ಹಿಂದೆ ಹುಟ್ಟು ಹಾಕಬೇಕು. ಹಿಡಿದ ಮೇಲೆ ತೂಗಿ, ಬರೆದುಕೊಂಡು, ನೀರಲ್ಲೇ ಹಿಡಿದು ಉಸಿರು ತಿರುಗುವವರೆಗೆ ಕಾದು, ಬಿಟ್ಟುಬಿಡುವುದು.

ಈ ಬಿಟ್ಟುಬಿಡುವ ಪದ್ಧತಿ ಹಳೆಯದಲ್ಲ. ಬ್ರಿಟಿಷರ ಕಾಲದ ಗಾಳದವರಿಗೆ ಮೀನು ಹುಲಿಯಂತೆ ಒಂದು ಶಿಕಾರಿ. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವವಿದ್ದಂತೆ ನಿಲ್ಲಿಸಿ ಲೋಕಪ್ರಸಿದ್ಧವಾದ ವ್ಯಾನ್ ಇಂಗೆನ್ ಮನೆತನದ ಡಿವೆಟ್, 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಎಂದರೆ ಸುಮಾರು 54 ಕಿಲೋದ ಮಹಶೀರ್ ಇಂದಿಗೂ ದಾಖಲೆಯೆಂದೇ ಹೆಸರಾಗಿದೆ. ಸ್ವಾತಂತ್ರ್ಯದ ನಂತರ ಈ ಮೀನನ್ನು ಜಗತ್ತು ಮರೆತಿತ್ತು. 1970ರ ದಶಕದ ಕೊನೆಯಲ್ಲಿ ಮೂವರು ಇಂಗ್ಲಿಷ್ ಯುವಕರು ಕಾವೇರಿಗೆ ಬಂದು ದೊಡ್ಡ ಮೀನು ಇನ್ನೂ ಇದೆಯೆಂದು ತೋರಿಸಿದರು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳು ಎದ್ದವು.

ಶಿಬಿರಗಳು ಬಿಟ್ಟುಹೋದ ಆಸ್ತಿ ಎಂದರೆ ಗಾಳಿಬೋರೆಯ ದಾಖಲೆ ಪುಸ್ತಕ. ಎಷ್ಟು ಗಂಟೆ ಕೂತರು, ಏನು ಸಿಕ್ಕಿತು, ತೂಕವೆಷ್ಟು, ಯಾವ ಬಗೆ, ಎಲ್ಲವೂ ಅದರಲ್ಲಿದೆ. 1998ರಿಂದ 2012ರವರೆಗಿನ ಪುಟಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಕೂಡಿ ಕಳೆದಾಗ 23,620 ಗಂಟೆಗಳ ಗಾಳ, 6,161 ಮೀನು ಸಿಕ್ಕವು. ಮೀನು ಹೆಚ್ಚಿದೆ ಎಂದು ಸಂತೋಷಪಡಬಹುದಿತ್ತು. ಆದರೆ ಹೆಚ್ಚಿದ್ದು ನೀಲಿರೆಕ್ಕೆಯ ಬಗೆ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಬಗೆ ಕುಸಿಯುತ್ತ ಬಂದಿತ್ತು. ಅದು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ವ್ಯಾನ್ ಇಂಗೆನ್ ಕಾಲದಿಂದ ಹೆಸರಾದ ಮೀನಿಗೆ ಸರಿಯಾದ ಗುರುತಿನ ಚೀಟಿ ಸಿಕ್ಕಿದ್ದು ಅದು ಹೋಗುವ ಹೊತ್ತಿಗೆ!

ಇಲ್ಲಿಯೇ ಗಟ್ಟಿಯಾದ ಆಕ್ಷೇಪವಿದೆ. ನೀಲಿರೆಕ್ಕೆಯ ಮರಿಗಳು ತಾವಾಗಿ ಬಂದವಲ್ಲ. ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಿಂದ ತಂದು ಬಿಟ್ಟವುಗಳ ಸಂತಾನ. ಹಾಗೆ ಬಿಟ್ಟವರಲ್ಲಿ ಗಾಳದ ಆಟಕ್ಕೆ ಮೀನು ಬೇಕೆಂದವರೂ ಇದ್ದರು. ಕೆಡಿಸಿದವರನ್ನೇ ಕಾವಲಿಗೆ ಹಾಕುವುದೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ತಪ್ಪು ಬಯಲಾದದ್ದೂ ಅವರ ಪುಸ್ತಕದಿಂದಲೇ. ಎರಡನೆಯದು ಕಾನೂನಿನ ಮಾತು: ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂಬ ಕಾರಣಕ್ಕೆ ಆ ಶಿಬಿರಗಳಲ್ಲಿ ಮೀನು ಹಿಡಿಯುವುದು ನಿಂತಿತು. ಮೂರನೆಯದು ನೋವಿನ ಮಾತು: ಕೊಕ್ಕೆ ನಾಟಿದ ಮೀನಿಗೆ ನೋವಾಗದು ಎನ್ನುವುದು ಆತ್ಮವಂಚನೆ, ಬಿಟ್ಟ ಮೇಲೂ ಕೆಲವು ಸಾಯಬಹುದು. ಆದರೂ ಪಕ್ಕದಲ್ಲಿ ಇನ್ನೊಂದು ನೋವನ್ನಿಟ್ಟು ತೂಗಬೇಕು. ಕತ್ತಲಲ್ಲಿ ಮಡುವಿಗೆ ಸಿಡಿಮದ್ದು ಎಸೆಯುವವನಿಗೆ ಬಗೆಯೂ ಇಲ್ಲ, ತೂಕವೂ ಇಲ್ಲ. ಶಿಬಿರಗಳು ಅಂಥವರಲ್ಲಿ ಕೆಲವರನ್ನೇ ಕರೆದು ಸಂಬಳ ಕೊಟ್ಟು ಕಾವಲುಗಾರರನ್ನಾಗಿ, ಗಾಳದ ಸಹಾಯಕರನ್ನಾಗಿ ಮಾಡಿದ್ದವು. ಗಾಳದ ಜೊತೆ ಆ ಸಂಬಳವೂ ನಿಂತಿತು.

ಹಾಗಾದರೆ ದೇವರ ಮಡುಗಳೇ ಸಾಲವೇ? ಶಿಶಿಲದ ಮತ್ಸ್ಯತೀರ್ಥದಲ್ಲೂ ಅಷ್ಟೇ ಭಕ್ತಿಯಿತ್ತು. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಭಕ್ತಿಯೊಂದೇ ಸಾಲದು, ಲೆಕ್ಕ ಇಡುವವರೂ ಬೇಕು. ಗಾಳದವರೇ ಆ ಲೆಕ್ಕ ಇಡುವುದು ಬೇರೆಡೆಯೂ ಇದೆ. ಅಮೆರಿಕದಲ್ಲಿ ಶರತ್ಕಾಲದ ಚಳಿರಾತ್ರಿಗಳಲ್ಲಿ ದೋಣಿಯ ಹಿಂದೆ ಹುಸಿಮೀನು ಎಳೆಯುತ್ತ ಮಸ್ಕಿ ಎಂಬ ಬೇಟೆಮೀನಿಗೆ ಅಲೆಯುವ ಮಂದಿಯಿದ್ದಾರೆ. ಅವರು 1966ರಲ್ಲಿ ಮಿನ್ನೆಸೋಟದಲ್ಲಿ ಕಟ್ಟಿಕೊಂಡ ಸಂಘ ಸದಸ್ಯರ ಹಿಡಿತದ ಲೆಕ್ಕ ಇಡುತ್ತದೆ, ಹಿಡಿದದ್ದನ್ನು ಬಿಡಿ ಎನ್ನುತ್ತದೆ. ಹವ್ಯಾಸದ ಹುಚ್ಚು ಕೂಡ ಗಣತಿಯಾಗುವುದು ಹೀಗೆ.

ರಾಮನಾಥಪುರದಲ್ಲಿ ಗಾಳ ಹಾಕಿ ಎಂದು ಯಾರೂ ಹೇಳಲಾರರು, ಹೇಳಲೂಬಾರದು. ಆದರೆ ಅಲ್ಲಿ ಕೊಕ್ಕೆ ಬೇಕಾಗಿಯೂ ಇಲ್ಲ. ಪುರಿ ಬಿದ್ದೊಡನೆ ಮೀನು ತಾನೇ ಮೇಲೆ ಬರುತ್ತದೆ. ಬಾಲ ಕಿತ್ತಳೆಯೋ ನೀಲಿಯೋ, ಹೆಗಲು ಉಬ್ಬಿದೆಯೋ ಇಲ್ಲವೋ ನೋಡಬಲ್ಲ ಕಣ್ಣು ಸಾಕು. ತೇರಿನ ಜಾತ್ರೆಯ ದಿನಗಳಲ್ಲಿ ಬಂಡೆಯ ಮೇಲೆ ಒಬ್ಬ ವಿದ್ಯಾರ್ಥಿ ನೋಟ್‌ಬುಕ್ ಹಿಡಿದು ಕೂತರೂ ಕೆಲಸ ಶುರುವಾದಂತೆ. ಕೊಣನೂರಿನ ಕಡೆ ಮಾತ್ರ ಪುರಿಗೆ ಏಳುವ ಮೀನಿಲ್ಲ. ಅಲ್ಲಿ ಎಣಿಸಬೇಕೆಂದರೆ ರಾಗಿಯ ಹದ ಬಲ್ಲ ಕೈಯೇ ಬೇಕು, ಗಾಳಿಬೋರೆಯಲ್ಲಿ ಆ ಹದ ಕಲಿತವರಿಗೆ ವಯಸ್ಸಾಗುತ್ತಿದೆ.